ಕಾರ್ಟೂನ್ ಟಗರು ಗುದ್ದಪ್ಪನವರ ಸನ್ನಿಧಿಗೆ, ನಮ್ಮ ಹವಾಲ್ದಾರನ ಪರವಾಗಿ

ಮಾನ್ಯ ಶ್ರೀ ಗುದ್ದಪ್ಪನವರಿಗೆ,
ಟೆಲಿವಿಷನ್ ಪೆಟ್ಟಿಗೆಯ ಒಳಗಿನ ಹಸಿರು ಗುಡ್ಡ, ಒಡೆದ ಗೋಡೆಯ ಆಚೆ.

ಮಾನ್ಯರೇ,

ತಮ್ಮ ಎರಡೂ ಕೊಂಬುಗಳಿಗೆ, ಆ ಕೊಂಬು ತಗುಲಿ ಧರೆಗುರುಳಿದ ಸಮಸ್ತ ಗೋಡೆಗಳಿಗೆ, ತಾವು ಪ್ರತಿ ಸಂಜೆ ಬಿದ್ದು ಪ್ರತಿ ಸಂಜೆ ಎದ್ದು ಬಂದ ಆ ಆಳವಾದ ಕಣಿವೆಗೆ, ಸವಣೂರಿನ ಮಾಲತೇಶನು ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು. ತಾವು ಕ್ಷೇಮವಾಗಿಯೇ ಇರುತ್ತೀರಿ ಎಂದು ಬಲ್ಲೆ. ರಬ್ಬರಿನಿಂದ ಅಳಿಸಿದರೂ ಮತ್ತೊಂದು ಹಾಳೆಯ ಮೇಲೆ ಮೂಡಿಬರುವವರಿಗೆ ಕ್ಷೇಮದ ಕೊರತೆ ಎಲ್ಲಿಂದ ಬಂದೀತು. ನಮ್ಮ ಕಡೆಯ ಕ್ಷೇಮದ ಬಗ್ಗೆ ಮಾತ್ರ ಒಂದಿಷ್ಟು ದೂರು ಇದ್ದು, ಅದನ್ನು ತಮ್ಮ ಪಾದಗಳಿಗೆ, ಅಂದರೆ ಗೊರಸುಗಳಿಗೆ, ಅರ್ಪಿಸಲು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆ ಇರಲಿ. ಮೇಲಿನ ವಿಳಾಸಕ್ಕೆ ಪತ್ರ ಮುಟ್ಟಿಸುವ ವ್ಯವಸ್ಥೆ ಇದೆಯೇ ಎಂದು ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. ಪಿನ್ ಕೋಡ್ ಕೇಳಿದರು, ನನಗೆ ಹೇಳಲು ಬರಲಿಲ್ಲ.

ಮೊದಲು ನನ್ನ ಪರಿಚಯ. ನಾನು ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟವನು. ಅದಕ್ಕೆ ಬಡತನವೂ ಕಾರಣವಲ್ಲ, ಮಾಸ್ತರರೂ ಕಾರಣರಲ್ಲ. ಕೂತಲ್ಲಿ ಕೂರಲಾರದ ಕಾಲು ಮತ್ತು ಕೇಳಿದ್ದಕ್ಕೆ ಇದ್ದದ್ದನ್ನೇ ಹೇಳುವ ಬಾಯಿ, ಇವೆರಡೂ ಒಂದೇ ಬೆಂಚಿನ ಮೇಲೆ ಹಿಡಿಯಲಿಲ್ಲ. ಆಮೇಲೆ ಹಾನಗಲ್ಲಿನ ಅಡಿಕೆ ಅಂಗಡಿಯೊಂದರಲ್ಲಿ ಹಸಿ ಅಡಿಕೆಯನ್ನು ಗಿರಾಕಿಯ ಎದುರಿಗೇ ಹಸಿ ಎಂದೆ, ಶಿಗ್ಗಾಂವಿಯ ಮೊಬೈಲ್ ಅಂಗಡಿಯೊಂದರಲ್ಲಿ ಈ ಕವರು ಮುಂದಿನ ಅಮಾವಾಸ್ಯೆ ನೋಡುವುದಿಲ್ಲ ಎಂದೆ. ಎರಡೂ ಕಡೆಯವರು ನನ್ನನ್ನು ಬಹಳ ಮರ್ಯಾದೆಯಿಂದ ಬಸ್ ನಿಲ್ದಾಣದ ತನಕ ಕಳುಹಿಸಿಕೊಟ್ಟರು. ಹೀಗೆ ಅರ್ಧಂಬರ್ಧ ಓದಿದವನು ಇಷ್ಟು ಗ್ರಾಂಥಿಕ ಕನ್ನಡ ಹೇಗೆ ಬರೆಯುತ್ತಾನೆ ಎಂಬ ಅನುಮಾನ ತಮಗೆ ಬರಬಹುದು. ಅದರ ಹೊಣೆ ಸಂಪೂರ್ಣವಾಗಿ ತಮ್ಮದೇ.

ನಮ್ಮ ಓಣಿಯಲ್ಲಿ ಆಗ ಸರಿಯಾಗಿ ಚಿತ್ರ ಬರುತ್ತಿದ್ದ ಟೀವಿ ಇದ್ದದ್ದು ಎಲೆಬಳ್ಳಿ ತೋಟದ ಕರೀಮಸಾಬ ಕಾಕಾನ ಮನೆಯಲ್ಲಿ. ಸಂಜೆಯಾಯಿತೆಂದರೆ ಓಣಿಯ ಮಕ್ಕಳೆಲ್ಲ ಅವರ ಪಡಸಾಲೆಯಲ್ಲಿ ಹಾಜರಿ. ರಹಿಮಾಬಿ ಕಾಕಿ ಒಂದು ಪರಾತದ ತುಂಬ ಚುರುಮುರಿ ಇಟ್ಟು, ಗದ್ದಲ ಮಾಡಿದವನ ಪಾಲನ್ನು ಪಕ್ಕದವನಿಗೆ ಕೊಟ್ಟುಬಿಡುತ್ತಿದ್ದಳು. ಯಾವ ದೇಶದವರು, ಯಾವ ಕಾಲದಲ್ಲಿ ತಮ್ಮನ್ನು ಬಿಡಿಸಿದರೋ ನಮಗೆ ತಿಳಿಯದು, ನಮ್ಮ ಪಾಲಿಗೆ ತಾವು ಕನ್ನಡದಲ್ಲೇ ಹುಟ್ಟಿದವರು. ತಾವು ಓಡುತ್ತ ಬರುವಿರಿ, ಎದುರಿಗೆ ಗೋಡೆ ಬರುವುದು, ತಾವು ಗಕ್ಕನೆ ನಿಂತು, ಮುಂಗಾಲು ಜೋಡಿಸಿ, ‘ಮಾನ್ಯ ಗೋಡೆಯೇ, ದಯವಿಟ್ಟು ತುಸು ಪಕ್ಕಕ್ಕೆ ಸರಿಯುವ ಕೃಪೆ ಮಾಡುವಿರಾ?’ ಎಂದು ಕೇಳುವಿರಿ. ಗೋಡೆ ಸರಿಯುತ್ತಿರಲಿಲ್ಲ. ತಾವು ಬಹಳ ವಿಷಾದದಿಂದ ತಲೆಯಾಡಿಸಿ, ಹಿಂದೆ ಸರಿದು, ಗುದ್ದುವಿರಿ. ಗೋಡೆಯಲ್ಲಿ ಕೊಂಬು ಕಿವಿ ಬಾಲ ಸಮೇತ ತಮ್ಮದೇ ಆಕಾರದ ಕಂಡಿ ಬೀಳುತ್ತಿತ್ತು.

ಆ ಒಂದು ವಾಕ್ಯದಿಂದ ನಾವು ಪಡೆದ ವಿದ್ಯೆ ಅಷ್ಟಿಷ್ಟಲ್ಲ. ತಂಗಿ ವಿದ್ಯಾಶ್ರೀ ಬಸ್ಸಿನ ಕಂಡಕ್ಟರರಿಗೆ ‘ಮಾನ್ಯ ನಿರ್ವಾಹಕರೇ, ನಿಲ್ಲಿಸುವ ಕೃಪೆ ಮಾಡುವಿರಾ’ ಎಂದಳು, ಅವರು ನಿಲ್ದಾಣವಿಲ್ಲದ ಕಡೆಯೂ ಬಸ್ಸು ನಿಲ್ಲಿಸಿದರು. ಮೊದಲು ಮರ್ಯಾದೆಯಿಂದ ಕೇಳಬೇಕು, ಕೊಡದಿದ್ದರೆ ಗುದ್ದಬೇಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ನನಗೆ ಕಲಿಸಲಿಲ್ಲ. ಈ ಪತ್ರವೂ ಆ ಕ್ರಮದಲ್ಲೇ ಇರುತ್ತದೆ. ಈಗಿನ್ನೂ ಕೇಳುವ ಭಾಗ ನಡೆದಿದೆ.

ಹೋದ ವರ್ಷ ಬೆಂಗಳೂರಿನಿಂದ ಒಂದು ಸಿನಿಮಾ ಕಂಪನಿಯವರು ನಮ್ಮೂರಿಗೆ ಬಂದರು. ತಮ್ಮನ್ನು ನಿಜವಾದ ಜೀವಂತ ಟಗರಾಗಿ ತೋರಿಸುವ, ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾ ಅದಂತೆ. ಪಟ್ಟಣದ ಕುಟುಂಬವೊಂದು ಹಳ್ಳಿಗೆ ಬಂದು, ಮಾತನಾಡುವ ಟಗರನ್ನು ಸಾಕಿ, ಮನೆಯ ಗೋಡೆಗಳನ್ನೆಲ್ಲ ಕಳೆದುಕೊಂಡು, ಕೊನೆಗೆ ಪರಸ್ಪರ ಪ್ರೀತಿಯನ್ನು ಕಂಡುಕೊಳ್ಳುವ ಕಥೆ. ಸವಣೂರನ್ನೇ ಯಾಕೆ ಆರಿಸಿದಿರಿ ಎಂದು ನಾನು ಕೇಳಿದ್ದಕ್ಕೆ ನಿರ್ದೇಶಕರು ನಮ್ಮ ದೊಡ್ಡ ಹುಣಸೆ ಮರಗಳನ್ನು ತೋರಿಸಿದರು. ಹುಣಸೆ ಎಂದು ಕರೆಸಿಕೊಂಡರೂ ಹುಣಸೆಗೆ ಸಂಬಂಧವೇ ಇಲ್ಲದ, ಆನೆ ಹೊಟ್ಟೆಯಂಥ ಬೊಡ್ಡೆಯ ಮೇಲೆ ಎಳೆ ಮಕ್ಕಳು ಗೀಚಿದಂಥ ಕೊಂಬೆಗಳಿರುವ ಆ ಮರಗಳು ಅವರಿಗೆ ಥೇಟ್ ತಮ್ಮ ಕಾರ್ಟೂನಿನ ಮರಗಳಂತೆ ಕಂಡವಂತೆ. ಹುಟ್ಟಿದಾಗಿನಿಂದ ಅವುಗಳನ್ನು ನೋಡುತ್ತ ಬಂದ ನಾವು ಅಂದೇ ಮೊದಲ ಬಾರಿಗೆ ಅವುಗಳನ್ನು ನೋಡಿ ನಕ್ಕೆವು, ಆಮೇಲೆ ಪಾಪ ಅನ್ನಿಸಿ ಸುಮ್ಮನಾದೆವು.

ಮರಗಳು ಪರೀಕ್ಷೆಯಲ್ಲಿ ಪಾಸಾದವು, ಮನುಷ್ಯರು ಆಗಲಿಲ್ಲ. ನಾವು ಸಾಕಷ್ಟು ಹಳ್ಳಿಯವರಂತೆ ಕಾಣುವುದಿಲ್ಲವೆಂದು ನಿರ್ದೇಶಕರಿಗೆ ಚಿಂತೆಯಾಯಿತು. ಅದಕ್ಕಾಗಿ ನಮ್ಮನ್ನು ಟೆಂಪೊದಲ್ಲಿ ಹಾಕಿಕೊಂಡು ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಕರೆದೊಯ್ದು, ಅಲ್ಲಿ ಸಿಮೆಂಟಿನಲ್ಲಿ ಮಾಡಿಟ್ಟ ಹಳ್ಳಿಯ ಜನ ಹೇಗೆ ನಿಂತಿದ್ದಾರೆ, ಹೇಗೆ ಕುಂತಿದ್ದಾರೆ, ಮೀಸೆ ಎಷ್ಟು ತಿರುವಿದ್ದಾರೆ ಎಂದು ನೋಡಿ ಕಲಿಯಲು ಹೇಳಿದರು. ಗೊಂಬೆಗಳನ್ನು ನಮ್ಮನ್ನು ನೋಡಿಯೇ ಮಾಡಿದ್ದಾರೆ ಎಂದು ನಾನು ಹೇಳಿದೆ. ಹಾಗಿದ್ದರೆ ನೀವು ಯಾಕೆ ಬದಲಾದಿರಿ ಎಂದು ಅವರು ಕೇಳಿದರು. ಅಷ್ಟರಲ್ಲಿ ನಡೆದು ದಣಿದ ನಮ್ಮವ್ವ ಮಂಜವ್ವ, ಬೀಸುವ ಕಲ್ಲಿನ ಮುಂದೆ ಕುಂತ ಗೊಂಬೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಕುಂತಿದ್ದಳು. ಶಾಲೆಯ ಪ್ರವಾಸಕ್ಕೆ ಬಂದ ಹುಡುಗನೊಬ್ಬ ಆಕೆಯ ಮೂಗನ್ನು ಮುಟ್ಟಿ ನೋಡಿದ. ಆಕೆ ಕಣ್ಣು ತೆರೆದಾಗ ಆ ಹುಡುಗ ಓಡಿದ ವೇಗ ತಮ್ಮ ಕಾರ್ಟೂನಿನಲ್ಲೂ ನಾನು ಕಂಡಿಲ್ಲ. ನಿರ್ದೇಶಕರು ಮಾತ್ರ, ಹೀಗೇ, ಇಷ್ಟೇ ಬೇಕು ಎಂದು ಆನಂದಬಾಷ್ಪ ಸುರಿಸಿದರು.

ತಮ್ಮ ಪಾತ್ರಕ್ಕೆ ಆಯ್ಕೆಯಾದವನು ನಮ್ಮ ಟಗರು ಹವಾಲ್ದಾರ. ಹೊಸಬರು ಬಂದರೆ ಬಾಗಿಲಲ್ಲಿ ಅಡ್ಡ ನಿಂತು ಮೇಲಿಂದ ಕೆಳಗೆ ನೋಡುವ ಸ್ವಭಾವದಿಂದ ಅವನಿಗೆ ಆ ಹೆಸರು. ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಹವಾಲ್ದಾರನನ್ನು ಅವ್ವ ಸಾಕಿದ್ದು ಮುದ್ದಿಗಲ್ಲ, ಸಂತೆಗೆ. ಕುರಿ ಸಾಕುವವರ ಮನೆಯಲ್ಲಿ ಟಗರು ದೊಡ್ಡದಾದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ, ಅವನು ಹುಟ್ಟಿದ ದಿನವೇ ಅದು ತೀರ್ಮಾನವಾಗಿತ್ತು. ಆದರೆ ತಾಯಿ ಕುರಿ ಹಾಲು ಕೊಡದಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಅವನನ್ನು ಬದುಕಿಸಿದ್ದು ವಿದ್ಯಾಶ್ರೀ. ಈ ಎರಡು ಸಂಗತಿಗಳು ನಮ್ಮ ಮನೆಯಲ್ಲಿ ಎದುರು ಬದುರು ಕೂತಿದ್ದವು, ಯಾರೂ ಅವುಗಳ ಪರಿಚಯ ಮಾಡಿಸಲು ಹೋಗಿರಲಿಲ್ಲ. ಶೂಟಿಂಗ್ ಬಂದು ಸಂತೆ ಮುಂದೆ ಹೋಯಿತು, ಅಷ್ಟೇ.

ಶೂಟಿಂಗಿನ ಮೊದಲ ದಿನವೇ ಒಂದು ವಿಚಿತ್ರ ನಡೆಯಿತು. ಹವಾಲ್ದಾರ ಮರದ ಸುತ್ತ ಒಂದು ಸುತ್ತು ನಡೆದನೋ ಇಲ್ಲವೋ, ನಿರ್ದೇಶಕರು ‘ಕಟ್’ ಎಂದು ಕೂಗಿದರು. ನೆರಳಲ್ಲಿ ಕೂತಿದ್ದ ಅವ್ವ ಎದ್ದು ಹೋಗಿ ಟಗರನ್ನು ಹಿಡಿದು ಗೂಟಕ್ಕೆ ಕಟ್ಟಿದಳು, ಸುಮ್ಮನಿರಲೆಂದು ಒಂದು ಚೂರು ಬೆಲ್ಲವನ್ನೂ ಕೊಟ್ಟಳು. ಮತ್ತೆ ಬಿಚ್ಚಿಸಿದರು, ಮತ್ತೆ ನಡೆಸಿದರು, ಮತ್ತೆ ‘ಕಟ್’ ಎಂದರು. ಅವ್ವ ಮತ್ತೆ ಹೋಗಿ ಕಟ್ಟಿದಳು, ಮತ್ತೆ ಬೆಲ್ಲ. ಮಧ್ಯಾಹ್ನದ ಹೊತ್ತಿಗೆ ಆಕೆಯ ಸಹನೆ ಮುಗಿಯಿತು. ಕಟ್ಟುವುದಕ್ಕೆ ಆಕೆಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಆ ಮನುಷ್ಯ ಅಷ್ಟು ಜನರ ಮುಂದೆ ತನಗೆ ಏಕವಚನದಲ್ಲಿ ಹುಕುಂ ಮಾಡುತ್ತಿದ್ದಾನೆ ಎಂಬುದಕ್ಕೆ. ನೇರವಾಗಿ ಹೋಗಿ ಅವರ ಕುರ್ಚಿಯ ಮುಂದೆ ನಿಂತಳು.

‘ಸಾಹೇಬ್ರ, ಕಟ್ ಅನಬ್ಯಾಡ್ರಿ, ಕಟ್ರಿ ಅನ್ರಿ. ನಿಮ್ಮವ್ವನ ವಯಸ್ಸಿನಾಕಿ ಅದೇನಿ.’

ನಾನು ನಡುವೆ ಹೋಗಿ, ಅವರು ಹೇಳುತ್ತಿರುವುದು ಇಂಗ್ಲಿಷಿನ ಕಟ್, ಅದು ಕ್ಯಾಮೆರಾಕ್ಕೆ, ನಿನಗಲ್ಲ ಎಂದು ವಿವರಿಸಿದೆ. ಕ್ಯಾಮೆರಾ ಹಿಡಿದವನೂ ಯಾರದೋ ಮನೆಯ ಮಗನೇ ಅಲ್ಲವೇ, ಅವನಿಗೂ ‘ರಿ’ ಹಚ್ಚಿದರೆ ಇವರ ಗಂಟೇನು ಹೋಗುತ್ತದೆ ಎಂದು ಆಕೆ ಕೇಳಿದಳು. ನಿರ್ದೇಶಕರು ಒಳ್ಳೆಯ ಮನುಷ್ಯರು, ಇದನ್ನು ನಾನು ಪ್ರಾಮಾಣಿಕವಾಗಿ ಬರೆಯುತ್ತಿದ್ದೇನೆ. ಎದ್ದು ನಿಂತು, ಕೈ ಮುಗಿದು, ಅಂದಿನಿಂದ ಕೊನೆಯ ದಿನದ ತನಕ ‘ಕಟ್ರಿ’ ಎಂದೇ ಕೂಗಿದರು. ಲೈಟಿನವರು, ಮೇಕಪ್ಪಿನವರು, ಟೀ ಕೊಡುವವರು, ಎಲ್ಲರೂ ‘ಕಟ್ರಿ’ ಕಲಿತರು. ಮತ್ತು, ಮಾನ್ಯರೇ, ಎಲ್ಲರಿಗಿಂತ ಚೆನ್ನಾಗಿ ಕಲಿತವನು ಹವಾಲ್ದಾರ. ‘ಕಟ್ರಿ’ ಎಂಬ ಸದ್ದು ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ತಿರುಗಿ, ಜನರನ್ನು ಸರಿಸಿಕೊಂಡು, ಅವ್ವನ ಹತ್ತಿರ ಬಂದು, ಬೆಲ್ಲಕ್ಕಾಗಿ ಸೆರಗಿಗೆ ಮೂತಿ ಒತ್ತಿ ನಿಲ್ಲುವುದು ಅವನಿಗೆ ರೂಢಿಯಾಯಿತು. ಅವನು ಕಲಿತ ಅಭಿನಯ ಅದೊಂದೇ, ಸಿನಿಮಾದಲ್ಲಿ ಅದು ಇಲ್ಲ.

ಇನ್ನು ಗೋಡೆಯ ವಿಷಯ. ಥರ್ಮಾಕೋಲಿನಲ್ಲಿ ಕಲ್ಲಿನ ಗೋಡೆ ಮಾಡಿ, ಟಗರಿನ ಆಕಾರವನ್ನು ಮೊದಲೇ ಕೊಯ್ದು ಮೆತ್ತಗೆ ಅಂಟಿಸಿಟ್ಟಿದ್ದರು. ಹವಾಲ್ದಾರ ಅದರ ಮೂಲಕ ಹಾಯ್ದು ಬರಬೇಕಾಗಿತ್ತು. ಅವನು ಹತ್ತಿರ ಹೋಗಿ ಮೂಸಿ, ಮೂಲೆಯನ್ನು ಕಚ್ಚಿ ನೋಡಿ, ರುಚಿಸದೆ ಉಗುಳಿ, ಪಕ್ಕದಿಂದ ಸುತ್ತಿಕೊಂಡು ಆಚೆ ಹೋದ. ದಾರಿ ಇರುವಾಗ ಗೋಡೆಯನ್ನು ಯಾಕೆ ಗುದ್ದಬೇಕು ಎಂಬ ಅವನ ವಾದ ನನಗೆ ಸರಿಯೆನ್ನಿಸಿತು. ಗುದ್ದುವುದೇ ಬರುವುದಿಲ್ಲ ಎನ್ನುವ ಹಾಗೂ ಇಲ್ಲ. ಅದನ್ನು ತೋರಿಸಲು ಬಗ್ಗಿ ನಿಂತ ನಿರ್ದೇಶಕರ ಹಿಂಬದಿಯನ್ನು ಅವನು ಆರಿಸಿಕೊಂಡ, ಅವರು ಮಾತ್ರ ಆ ಗೋಡೆಯನ್ನು ಒಂದೇ ಏಟಿಗೆ ಹಾಯ್ದು ಆಚೆ ಬಿದ್ದರು. ಗೋಡೆಯಲ್ಲಿ ಉಳಿದ ಕಂಡಿ ಅರ್ಧ ಟಗರಿನದು, ಅರ್ಧ ನಿರ್ದೇಶಕರದು. ಬಿದ್ದಲ್ಲಿಂದಲೇ ಅವರು ಮರೆಯದೆ ‘ಕಟ್ರಿ’ ಎಂದರು.

ಆಗ ಅವರು ಕಂಪ್ಯೂಟರಿನಲ್ಲಿ ನೋಡಿಕೊಳ್ಳುತ್ತೇವೆ ಎಂದರು. ಹಾಗೆಯೇ ನೋಡಿಕೊಂಡಿದ್ದಾರೆ. ಟ್ರೇಲರ್ ಬಂದಾಗ ನಾವೆಲ್ಲ ಕರೀಮಸಾಬ ಕಾಕಾನ ಪಡಸಾಲೆಯಲ್ಲೇ ಮೊಬೈಲ್ ಇಟ್ಟುಕೊಂಡು ನೋಡಿದೆವು. ಮೈ ನಮ್ಮ ಹವಾಲ್ದಾರನದು, ಮುಖಕ್ಕೆ ಕಂಪ್ಯೂಟರಿನಿಂದ ರೆಪ್ಪೆ, ಹುಬ್ಬು ಮತ್ತು ಒಂದು ಅಗಲವಾದ ನಗು ಹಚ್ಚಿದ್ದರು. ಆ ನಗುವಿನಲ್ಲಿ ಮೇಲೆ ಕೆಳಗೆ ಎರಡೂ ಸಾಲು ಹಲ್ಲು ಹೊಳೆಯುತ್ತಿದ್ದವು. ಕುರಿಗಳಿಗೆ ಮುಂದಿನ ಮೇಲಿನ ಹಲ್ಲು ಇರುವುದಿಲ್ಲ, ಮಾನ್ಯರೇ. ತಮಗೂ ಚಿತ್ರದಲ್ಲಿ ಎರಡು ಸಾಲು ಹಲ್ಲಿದ್ದವು, ಅದನ್ನು ನಾವು ಎಂದೂ ಪ್ರಶ್ನಿಸಲಿಲ್ಲ, ಯಾಕೆಂದರೆ ತಮಗೆ ಕೊಂಬು, ಗೊರಸು, ಬಾಲಗಳನ್ನು ಬಿಟ್ಟರೆ ಬೇರೆ ಯಾವುದೂ ಕುರಿಯದಾಗಿರಲಿಲ್ಲ. ಗೆರೆಯಲ್ಲಿ ಬಿಡಿಸಿದಾಗ ಆಟವಾಗಿದ್ದದ್ದು, ಉಸಿರಾಡುವ ಮೈಗೆ ಹಚ್ಚಿದ ಕೂಡಲೆ ಸುಳ್ಳಾಗುತ್ತದೆ. ಇದನ್ನು ನಾನು ನಿರ್ದೇಶಕರಿಗೆ ಫೋನ್ ಮಾಡಿ ಹೇಳಿದೆ, ಜನ ಹಲ್ಲು ಎಣಿಸಲು ಬರುವುದಿಲ್ಲ ಎಂದರು. ನಮ್ಮ ಕಡೆಯ ಜನ ಟಗರು ನೋಡಿದರೆ ಮೊದಲು ಮಾಡುವ ಕೆಲಸವೇ ಬಾಯಿ ಬಿಡಿಸಿ ಹಲ್ಲು ನೋಡುವುದು ಎಂದು ಅವರಿಗೆ ಯಾರಾದರೂ ಹೇಳಬೇಕಿತ್ತು. ನಾನು ಹೇಳಿದೆ, ಅವರು ನಕ್ಕರು.

ಹಲ್ಲು ಹೋಗಲಿ, ತಮ್ಮ ಮಾತು. ಗೋಡೆಯನ್ನು ಮಾನ್ಯ ಎಂದು ಕರೆಯುತ್ತಿದ್ದ ತಮ್ಮನ್ನು ಈಗ ನಮ್ಮ ಮಣ್ಣಿನ ಸೊಗಡಿನಲ್ಲಿ ಮಾತನಾಡಿಸಿದ್ದಾರೆ. ನಮ್ಮ ಮಾತಿನ ಸೊಗಡು ಎಂದರೆ ಪ್ರತಿ ಶಬ್ದದ ಹಿಂದೆ ಒಂದು ‘ಲೇ’ ಎಂದು ಬೆಂಗಳೂರಿನಲ್ಲಿ ಯಾರೋ ಸಂಶೋಧಿಸಿರಬೇಕು. ಸಿನಿಮಾದ ಗುದ್ದಪ್ಪ ಗೋಡೆಗೆ ‘ಸರಿಯಲೇ’ ಅನ್ನುತ್ತಾನೆ, ಮನೆಯ ಯಜಮಾನನಿಗೆ ‘ಬಾರಲೇ’ ಅನ್ನುತ್ತಾನೆ, ಕೊನೆಗೆ ತನ್ನ ಹೆತ್ತ ತಾಯಿ ಕುರಿಗೂ ‘ಏನಲೇ ಅವ್ವಾ’ ಅನ್ನುತ್ತಾನೆ. ಅದನ್ನು ಕೇಳಿ ರಹಿಮಾಬಿ ಕಾಕಿ ಕಿವಿ ಮುಚ್ಚಿಕೊಂಡಳು. ಕರೀಮಸಾಬ ಕಾಕಾ ಬಹಳ ಹೊತ್ತು ಮೊಬೈಲನ್ನೇ ನೋಡಿ, ‘ಇವ ನಮ್ಮ ಗುದ್ದಪ್ಪ ಅಲ್ಲ ಬಿಡ್ರೋ, ಅವನ ಉಡಾಳ ತಮ್ಮ ಇರಬೇಕು’ ಎಂದು ತೀರ್ಪು ಕೊಟ್ಟ. ಅವ್ವನಿಗೆ ಮಾತ್ರ ಒಂದು ವಿಷಯ ಅರ್ಥವಾಗಲಿಲ್ಲ: ತನ್ನಿಂದ ‘ರಿ’ ಕಲಿತುಕೊಂಡು ಹೋದ ಮನುಷ್ಯ, ಅದನ್ನು ಟಗರಿಗೆ ಯಾಕೆ ಕಲಿಸಲಿಲ್ಲ?

ಇಲ್ಲಿಯ ತನಕ ನಾನು ಬರೆದದ್ದೆಲ್ಲ ಸಣ್ಣಪುಟ್ಟ ತಕರಾರು. ತಾವು ಉದಾರ ಮನಸ್ಸಿನಿಂದ ನಕ್ಕುಬಿಡಬಹುದು. ನನ್ನ ನಿಜವಾದ ದೂರು ಬೇರೆ ಇದೆ.

ಶೂಟಿಂಗಿನ ಕೊನೆಯ ದಿನ ನಿರ್ದೇಶಕರು ಹವಾಲ್ದಾರನ ತಲೆ ನೇವರಿಸಿ, ಪಕ್ಕದಲ್ಲಿ ನಿಂತಿದ್ದ ವಿದ್ಯಾಶ್ರೀಗೆ, ನಿನ್ನ ಟಗರು ಇನ್ನು ಅಮರ ಎಂದು ಹೇಳಿ ಕಾರು ಹತ್ತಿದರು. ದೊಡ್ಡವರಿಗೆ ಇದು ಹೊಗಳಿಕೆಯ ಮಾತು. ಆರನೆಯ ತರಗತಿಯ ಹುಡುಗಿಗೆ ಅದು ವೈದ್ಯರ ಮಾತಿನಷ್ಟು ಖಚಿತ. ಆಕೆ ಲೆಕ್ಕ ಹಾಕಿದಳು: ಗುದ್ದಪ್ಪ ಕಣಿವೆಗೆ ಬಿದ್ದರೂ ಏಳುತ್ತಾನೆ, ರೈಲಿನ ಕೆಳಗೆ ಚಪ್ಪಟೆಯಾದರೂ ಉಬ್ಬಿಕೊಳ್ಳುತ್ತಾನೆ, ಹವಾಲ್ದಾರ ಈಗ ಗುದ್ದಪ್ಪನಾಗಿದ್ದಾನೆ, ಆದ್ದರಿಂದ ಹವಾಲ್ದಾರನಿಗೆ ಇನ್ನು ಏನೂ ಆಗುವುದಿಲ್ಲ. ಆ ವಾರದಲ್ಲೇ ಅವ್ವ ಸಂತೆಯ ಮಾತು ಎತ್ತಿದಾಗ ವಿದ್ಯಾಶ್ರೀ ಅಳಲಿಲ್ಲ, ಹಟ ಮಾಡಲಿಲ್ಲ. ನನ್ನ ಹತ್ತಿರ ಬಂದು, ಮನೆಯಲ್ಲಿ ಸುಳ್ಳು ಹೇಳದವನು ನಾನೊಬ್ಬನೇ ಎಂಬ ನಂಬಿಕೆಯಿಂದ ಕೇಳಿದಳು.

‘ಅಣ್ಣಾ, ಖರೇ ಹೇಳು. ಗುದ್ದಪ್ಪ ಸಾಯ್ತಾನೇನು?’

‘ಇಲ್ಲ, ಗುದ್ದಪ್ಪ ಸಾಯಂಗಿಲ್ಲ’ ಎಂದೆ.

ನೋಡಿ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆಕೆ ಕೇಳಿದ್ದು ತಮ್ಮ ಬಗ್ಗೆ, ನಾನು ಹೇಳಿದ್ದು ತಮ್ಮ ಬಗ್ಗೆ. ಆದರೆ ಆಕೆ ಸಮಾಧಾನದಿಂದ ಚೀಲ ಹೆಗಲಿಗೇರಿಸಿ ಶಾಲೆಗೆ ಹೋದ ರೀತಿ ಕಂಡಾಗ, ಅಡಿಕೆ ಅಂಗಡಿಯವನೂ ಮೊಬೈಲ್ ಅಂಗಡಿಯವನೂ ಹೇಳಿಕೊಡಲಾಗದ ವಿದ್ಯೆಯನ್ನು ತಾವು ನನಗೆ ಒಂದೇ ನಿಮಿಷದಲ್ಲಿ ಹೇಳಿಕೊಟ್ಟಿರಿ ಎಂದು ತಿಳಿಯಿತು. ನಿಜವನ್ನೇ ಹೇಳಿ ಮೋಸ ಮಾಡುವ ಆ ಕಲೆಗೆ ನಾನು ತಮಗೆ ಹೇಗೆ ಕೃತಜ್ಞತೆ ಸಲ್ಲಿಸಲಿ? ನಿಜ ಹೇಳುವ ಬಾಯಿಯೊಂದೇ ನನಗಿದ್ದ ಆಸ್ತಿ. ತಾವು ಅದರಲ್ಲಿ ತಮ್ಮ ಆಕಾರದ ಕಂಡಿ ಕೊರೆದು ಆಚೆ ಹೋದಿರಿ.

ಮಾರುವುದೂ ಸುಲಭವಾಗಲಿಲ್ಲ. ಸವಣೂರಿನಲ್ಲಿ ಯಾರೂ ಅವನನ್ನು ಕೊಳ್ಳಲು ಒಪ್ಪಲಿಲ್ಲ. ಶೂಟಿಂಗಿನಲ್ಲಿ ನೋಡಿದ ಮುಖ, ಕೈ ಏಳುವುದಿಲ್ಲ ಎಂದರು. ಹಾನಗಲ್ಲಿನಲ್ಲಿ ಅವನ ಜೊತೆ ಸೆಲ್ಫಿ ತೆಗೆದುಕೊಂಡರು, ರೇಟು ಕೇಳಿದರೆ ಮುಂದೆ ನಡೆದರು. ಹೀಗೆ ತಿಂಗಳುಗಳು ಕಳೆದು, ಕೊನೆಗೆ ಅವನ ಕೀರ್ತಿ ಇನ್ನೂ ಮುಟ್ಟದ ಊರೆಂದು ಹಿರೇಕೆರೂರಿನ ಸಂತೆಗೆ ಹೋಗುವುದೆಂದಾಯಿತು. ವಿದ್ಯಾಶ್ರೀ ಶಾಲೆಗೆ ಹೋದ ಮೇಲೆ ಅವ್ವ, ನಾನು ಮತ್ತು ಅವನು ಗೋವಿನಜೋಳದ ಚೀಲಗಳ ನಡುವೆ ಟೆಂಪೊದಲ್ಲಿ ಕೂತೆವು. ಅವ್ವ ಭಾವುಕಳಲ್ಲ, ಸಾಕಿದ ಟಗರುಗಳನ್ನು ಮಾರಿ ಬಂದ ದಿನ ಎಂದಿನಷ್ಟೇ ರೊಟ್ಟಿ ತಿನ್ನುವವಳು.

ಸಂತೆಯಲ್ಲಿ ಒಬ್ಬ ಹಿರಿಯರು ಬಂದರು. ಬಿಳಿ ಮೀಸೆ, ಮೆದು ಮಾತು, ಎಲ್ಲರಿಗೂ ‘ರಿ’ ಹಚ್ಚಿ ಮಾತನಾಡುವ ಹಳೆಯ ಕಾಲದ ಮನುಷ್ಯ. ಹವಾಲ್ದಾರನ ಬಾಯಿ ಬಿಡಿಸಿ ಹಲ್ಲು ನೋಡಿದರು, ಬೆನ್ನು ಒತ್ತಿದರು, ಹೆಚ್ಚು ಜಗ್ಗಾಡದೆ ಮಾತು ಮುಗಿಸಿ ಅವ್ವನ ಕೈಗೆ ಸಂಚಕಾರದ ಮುಂಗಡ ಹಣ ಇಟ್ಟರು. ಆಮೇಲೆ ತಮ್ಮ ಆಳುಗಳ ಕಡೆ ತಿರುಗಿ, ಇವರಿಗಾದರೂ ಅವ್ವನ ಪಾಠ ಬೇಕಾಗಿಲ್ಲ ಎಂಬಂತೆ, ‘ಕಟ್ರಿ, ಗಾಡ್ಯಾಗ ಕಟ್ರಿ’ ಎಂದರು.

ಹವಾಲ್ದಾರ ಗಕ್ಕನೆ ನಿಂತ. ತಿರುಗಿದ. ಹಗ್ಗ ಹಿಡಿದ ಆಳನ್ನು ಎಳೆದುಕೊಂಡೇ ಅವ್ವನ ಹತ್ತಿರ ಬಂದು ಸೆರಗಿಗೆ ಮೂತಿ ಒತ್ತಿದ. ಅವ್ವ ಅವನ ಮುಖವನ್ನು ದೂಡಿದಳು. ಆಳುಗಳು ಎಳೆದೊಯ್ದರು, ಹಿರಿಯರು ಮತ್ತೆ ‘ಕಟ್ರಿ’ ಎಂದರು, ಅವನು ಮತ್ತೆ ಬಂದ. ಅವರು ಎಷ್ಟು ಮರ್ಯಾದೆಯಿಂದ ಹೇಳುತ್ತಿದ್ದರೋ ಇವನು ಅಷ್ಟು ವಿಧೇಯತೆಯಿಂದ ತಿರುಗಿ ಬರುತ್ತಿದ್ದ. ಸುತ್ತ ಜನ ಸೇರಿದರು, ಯಾರೋ ನಕ್ಕರು, ಹಿರಿಯರಿಗೂ ನಗು ಬಂತು. ‘ಯವ್ವಾ, ಟಗರು ನನಗ ಮಾರಿದ್ರೋ, ಇಲ್ಲಾ ನನ್ನ ಮಾತು ಕೇಳಿ ನಿಮ್ಮ ಕಡೆ ಬರೂದು ಕಲಿಸಿ ತಂದ್ರೋ?’ ಎಂದರು.

ಅವ್ವ ಸೆರಗಿನ ತುದಿಯ ಗಂಟು ಬಿಚ್ಚಿದಳು. ಗಂಟಿನಲ್ಲಿ ಬೆಲ್ಲವಿತ್ತು.

ಶೂಟಿಂಗ್ ಮುಗಿದು ತಿಂಗಳುಗಳೇ ಆಗಿದ್ದವು, ಮಾನ್ಯರೇ. ಮಾರಲು ಹೊರಟ ಟಗರಿಗಾಗಿ ಆಕೆ ಆ ಮುಂಜಾನೆ ಯಾವ ಹೊತ್ತಿನಲ್ಲಿ ಬೆಲ್ಲ ಕಟ್ಟಿಕೊಂಡಳು, ಯಾ‌ಕೆ ಕಟ್ಟಿಕೊಂಡಳು ಎಂದು ನಾನು ಇಂದಿನ ತನಕ ಕೇಳಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕೇಳುವ ನನಗೂ ಕೆಲವು ಕಡೆ ಬಾಯಿ ಕಟ್ಟುತ್ತದೆ. ಆಕೆ ಅವನಿಗೆ ಬೆಲ್ಲ ತಿನ್ನಿಸಿ, ಸಂಚಕಾರವನ್ನು ಹಿರಿಯರ ಕೈಗೆ ಮರಳಿ ಕೊಟ್ಟು, ಹಗ್ಗವನ್ನು ಆಳಿನಿಂದ ಇಸಿದುಕೊಂಡಳು.

‘ಇವರ ಕೆಲಸ ಇನ್ನಾ ಮುಗದಿಲ್ರಿ’ ಎಂದಳು ಹಿರಿಯರಿಗೆ. ಆಮೇಲೆ ಟಗರಿಗೆ, ‘ನಡೀರಿ ಹವಾಲ್ದಾರ್ರ, ಮನೀಗೆ ಹೋಗೂನು.’

ಸಂಜೆ ಶಾಲೆಯಿಂದ ಬಂದ ವಿದ್ಯಾಶ್ರೀ ಗೂಟದಲ್ಲಿ ಅವನನ್ನು ನೋಡಿ ಆಶ್ಚರ್ಯಪಡಲೇ ಇಲ್ಲ. ಬೆಳಗಾದರೆ ಸೂರ್ಯ ಕಂಡಷ್ಟೇ ಸಹಜವಾಗಿ ಅವನ ಕಿವಿ ಹಿಂಡಿ, ಅಣ್ಣ ಎಂದೂ ಸುಳ್ಳು ಹೇಳುವುದಿಲ್ಲ ಎಂದು ಅವ್ವನ ಮುಂದೆ ನನ್ನನ್ನು ಹೊಗಳಿದಳು. ಅವ್ವ ನನ್ನನ್ನು ನೋಡಿದಳು. ನಾನು ಒಲೆಯ ಕಡೆ ನೋಡಿದೆ.

ಈಗಿನ ಪರಿಸ್ಥಿತಿಯನ್ನೂ ತಮ್ಮ ಅವಗಾಹನೆಗೆ ತರಬೇಕು. ಹವಾಲ್ದಾರ ತಿಂದುಂಡು ಆರಾಮವಾಗಿದ್ದಾನೆ, ನಾವು ಇಲ್ಲ. ‘ಕಟ್ರಿ’ ಎಂಬುದು ನಮ್ಮ ಊರಿನಲ್ಲಿ ಎಷ್ಟು ಜನರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬ ಕಲ್ಪನೆ ನಮಗೇ ಇರಲಿಲ್ಲ. ಕರೀಮಸಾಬ ಕಾಕಾ ತೋಟದಲ್ಲಿ ವೀಳ್ಯದೆಲೆಯ ಕಟ್ಟು ಕಟ್ಟುವ ಹೆಂಗಸರಿಗೆ ‘ಲಗೂನ ಕಟ್ರಿ’ ಅನ್ನುತ್ತಾನೆ, ಇವನು ಬೇಲಿ ಹಾರಿ ಹೋಗಿ ಅವರ ಸೆರಗು ಹುಡುಕುತ್ತಾನೆ, ಬೆಲ್ಲ ಸಿಗದಿದ್ದರೆ ಎಲೆಯನ್ನೇ ತಿಂದು ಬರುತ್ತಾನೆ. ಕಾಕಾ ಈಗ ಕೆಲಸದವರಿಗೆ ಕೈ ಸನ್ನೆಯಲ್ಲಿ ಹೇಳುವ ಅಭ್ಯಾಸ ಮಾಡಿಕೊಂಡಿದ್ದಾನೆ. ಕರೆಂಟು ಬಿಲ್ಲಿನವರು ಬಾಗಿಲಲ್ಲಿ ನಿಂತು ‘ಬಿಲ್ ಕಟ್ರಿ’ ಎಂದರೆ, ಹವಾಲ್ದಾರ ಅವರ ಚೀಲದೊಳಗೆ ತಲೆ ಹಾಕುತ್ತಾನೆ. ಅವರು ಈಗ ಬಿಲ್ಲನ್ನು ದೂರದಿಂದಲೇ ಅಂಗಳಕ್ಕೆ ಎಸೆದು, ಏನೂ ಮಾತನಾಡದೆ ಮುಂದಿನ ಮನೆಗೆ ಹೋಗುತ್ತಾರೆ. ಈ ಒಂದು ಪ್ರಯೋಜನವನ್ನು ನಾನು ಕೃತಜ್ಞತೆಯಿಂದ ಒಪ್ಪಿಕೊಳ್ಳುತ್ತೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟು. ತಾವು ಒಂದು ಸಂಜೆ ಬಿಡುವು ಮಾಡಿಕೊಂಡು, ಟೀವಿಯ ಗಾಜಿನಲ್ಲಿ ತಮ್ಮ ಆಕಾರದ ಕಂಡಿ ಮಾಡಿ, ಕರೀಮಸಾಬ ಕಾಕಾನ ಪಡಸಾಲೆಗೆ ಇಳಿದು ಬರಬೇಕು. ಅಲ್ಲಿಂದ ಸಿನಿಮಾ ಹಾಕಲಿರುವ ಥಿಯೇಟರಿಗೆ ಹೋಗಿ, ಪರದೆಯ ಮುಂದೆ ನಿಂತು, ಮಾನ್ಯ ಪರದೆಯೇ ಎಂದು ಎಂದಿನಂತೆ ಕೇಳಿಕೊಳ್ಳಬೇಕು. ಸರಿಯದಿದ್ದರೆ ಮುಂದಿನದು ತಮಗೇ ಬಿಟ್ಟದ್ದು. ತಮ್ಮ ಉಡಾಳ ತಮ್ಮನಿಗೆ ತಾಯಿಯನ್ನು ಮಾತನಾಡಿಸುವುದು ಹೇಗೆಂದು ಒಂದು ಗಂಟೆ ಪಾಠ ಹೇಳಬೇಕು. ಸಿನಿಮಾದ ಆರಂಭದಲ್ಲಿ, ಚಿತ್ರ ತಯಾರಿಸುವಾಗ ಯಾವ ಪ್ರಾಣಿಗೂ ತೊಂದರೆಯಾಗಿಲ್ಲ ಎಂದು ಬರೆದು ತೋರಿಸುತ್ತಾರಂತೆ. ಅದು ಅಕ್ಷರಶಃ ನಿಜ, ನಾನು ಸಾಕ್ಷಿ ಹೇಳುತ್ತೇನೆ. ಆದರೆ ಇಂಥ ನಿಜ ಹೇಳುವುದನ್ನು ಈಗ ನಾನೂ ಕಲಿತಿರುವುದರಿಂದ, ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲು ತಾವೇ ಶಿಫಾರಸು ಮಾಡಬೇಕು: ‘ತಯಾರಿಸಿದ ಮೇಲಿನದನ್ನು ಮಂಜವ್ವ ನೋಡಿಕೊಂಡಳು.’

ಮತ್ತು ಸಾಧ್ಯವಿದ್ದರೆ, ಕಣಿವೆಗೆ ಬಿದ್ದು ಏಳುವ ತಮ್ಮ ಆ ಗುಣದಲ್ಲಿ ಒಂದು ಹಿಡಿಯಷ್ಟನ್ನು ಹವಾಲ್ದಾರನಿಗೆ ದಯಪಾಲಿಸಬೇಕು. ಅವನು ಎಂದಾದರೂ ಒಂದು ದಿನ ಮುದಿಯಾಗುತ್ತಾನೆ. ವಿದ್ಯಾಶ್ರೀ ಆಗ ಮತ್ತೆ ನನ್ನನ್ನೇ ಬಂದು ಕೇಳುತ್ತಾಳೆ, ಈ ಸಲ ಹೆಸರು ಸರಿಯಾಗಿ ಹೇಳಿ ಕೇಳುತ್ತಾಳೆ.

ತಮ್ಮ ಕನ್ನಡದಲ್ಲೇ ತಮ್ಮ ಮೇಲೆ ದೂರು ಬರೆದ ಧಾರ್ಷ್ಟ್ಯವನ್ನು ಮನ್ನಿಸುವಿರೆಂದು ನಂಬಿ, ಗೋಡೆಯ ಈ ಬದಿಯಿಂದ,

ತಮ್ಮ ವಿಶ್ವಾಸಿ,
ಮಾಲತೇಶ
ಸವಣೂರು

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ನಿರ್ದೇಶಕರ ಫೋನ್ ಬಂತು. ಸಿನಿಮಾದ ಎರಡನೆಯ ಭಾಗ ಮಾಡುತ್ತಾರಂತೆ, ಅದರಲ್ಲಿ ಗುದ್ದಪ್ಪ ಗುಡ್ಡದ ಮೇಲಿಂದ ಕಣಿವೆಗೆ ಹಾರುವ ದೃಶ್ಯವಿದೆಯಂತೆ, ಸಣ್ಣ ಗುಡ್ಡವೇ ಅಂತೆ, ಕೆಳಗೆ ಹಾಸಿಗೆ ಹಾಸುತ್ತಾರಂತೆ, ಹವಾಲ್ದಾರ ಈಗ ಅಮರನಾದ್ದರಿಂದ ಹೆದರಬೇಕಾಗಿಲ್ಲವಂತೆ. ಅವ್ವ ಹೇಳುವುದನ್ನು ಅವರೂ ಕೇಳಲೆಂದು ನಾನು ಸ್ಪೀಕರ್ ಹಾಕಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಅವರೇ ತನ್ನಿಂದ ಕಲಿತು ಹೋಗಿದ್ದ ಒಂದೇ ಶಬ್ದವನ್ನು ಬಹಳ ಮರ್ಯಾದೆಯಿಂದ ಅವರಿಗೆ ಹಿಂದಿರುಗಿಸಿದಳು: ‘ಕಟ್ರಿ.’ ನಾನು ಫೋನ್ ಕಟ್ ಮಾಡಿದೆ. ಬಾಗಿಲಲ್ಲಿ ಹವಾಲ್ದಾರ ಬೆಲ್ಲಕ್ಕೆ ಬಂದು ನಿಂತಿದ್ದ.